ಟೊಳ್ಳು ಗೋಡೆಗೊಂದು ಕೊಕ್ಕೆ

ಕಳೆದ ಭಾನುವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಎದುರಿನ ಫ್ಲ್ಯಾಟಿಗೆ ಹೊಸದಾಗಿ ಬಾಡಿಗೆಗೆ ಬಂದ ಯುವಕನೊಬ್ಬ ತನ್ನ ನಡುಮನೆಯ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾ ಈ ಕಡೆಯಿಂದ ಆ ಕಡೆಗೆ ಸಾಗುತ್ತಿದ್ದ. ಅವನ ಮನೆಯ ಹಳೆಯ ಮಾಲೀಕರು ಒಂದು ರೂಮನ್ನು ಎರಡು ಮಾಡಲು ನಡುವೆ ಜಿಪ್ಸಮ್ ಬೋರ್ಡಿನ ಗೋಡೆ ಎಬ್ಬಿಸಿದ್ದಾರೆ. ಆ ಸದ್ದನ್ನು ನೀವೂ ಕೇಳಿರುತ್ತೀರಿ. ಗಟ್ಟಿ ಗೋಡೆಯಾದರೆ ಸದ್ದು ಬೆರಳಿನಲ್ಲೇ ಉಳಿಯುತ್ತದೆ. ಟೊಳ್ಳಾದರೆ ಒಳಗೆ ಹೋಗಿ ಒಂದು ಸುತ್ತು ಅಡ್ಡಾಡಿಕೊಂಡು ವಾಪಸ್ ಬರುತ್ತದೆ.

“ಅಂಕಲ್, ಇದಕ್ಕೆ ಟಿವಿ ಹಾಕಿದ್ರೆ ತಡ್ಕೊಳ್ಳತ್ತಾ?” ಎಂದು ಕೇಳಿದ.

ಸಾಧಾರಣವಾದ ಪ್ರಶ್ನೆ. ಆದರೆ ನಾನು “ಬೇಡಪ್ಪ, ಹಾಕ್ಬೇಡ” ಎಂದಷ್ಟೇ ಹೇಳಿ ಒಳಗೆ ಬಂದು ಬಾಗಿಲು ಹಾಕಿಕೊಂಡೆ. ಪಾಪ, ಎಂಥ ಗಂಟುಮೋರೆ ಮನುಷ್ಯ ಎಂದುಕೊಂಡಿರಬೇಕು. ಐವತ್ತು ದಾಟಿದ ಗಂಡಸು ಗೋಡೆ ತಟ್ಟಿದ ಸದ್ದಿಗೆ ಬೆಚ್ಚಿಬೀಳುವುದು ಏಕೆ ಎಂದು ಅವನಿಗೆ ವಿವರಿಸಲು ಆಗುತ್ತಿರಲಿಲ್ಲ. ನಿಮಗೆ ಹೇಳುತ್ತೇನೆ, ಆದರೆ ಅದಕ್ಕೆ ಒಂದು ವ್ಯಾನಿನಿಂದ ಶುರುಮಾಡಬೇಕು.

ಕೆಲವು ವರ್ಷಗಳ ಹಿಂದೆ ನನಗೊಂದು ಹುಚ್ಚು ಹತ್ತಿತ್ತು. ವ್ಯಾನನ್ನೇ ಮನೆ ಮಾಡಿಕೊಂಡು ಊರೂರು ಸುತ್ತುವ ಗಂಡಹೆಂಡಿರ ವಿಡಿಯೊಗಳನ್ನು ಫೋನಿನಲ್ಲಿ ನೋಡಿ ನೋಡಿ ಹತ್ತಿದ ಹುಚ್ಚು. ಅವರು ಬೆಳಿಗ್ಗೆ ಎದ್ದು ಪರದೆ ಸರಿಸಿದರೆ ಎದುರಿಗೆ ಬೆಟ್ಟ, ಕೆರೆ, ಕೊಕ್ಕರೆ. ನಾಗಸಂದ್ರದ ನಮ್ಮ ಮನೆಯಲ್ಲಿ ಪರದೆ ಸರಿಸಿದರೆ ಮೆಟ್ರೊ ಕಂಬಗಳು, ಅವುಗಳ ಕೆಳಗೆ ತುಮಕೂರು ರಸ್ತೆಯ ಲಾರಿಗಳು. ಪೀಣ್ಯದ ಒಂದು ಕಾರ್ಖಾನೆಯಲ್ಲಿ ನಾನು ಪರ್ಚೇಸ್ ವಿಭಾಗದವನು. ನಟ್ಟು, ಬೋಲ್ಟು, ವಾಷರ್ ಕೊಳ್ಳುವುದೇ ನನ್ನ ಹೊಟ್ಟೆಪಾಡು. ಕೊಂಡದ್ದನ್ನು ಒಂದು ದಿನವೂ ಕೈಯಾರೆ ಯಾವುದಕ್ಕೂ ತಿರುಗಿಸಿದವನಲ್ಲ. ಅಂಥವನು ಒಂದು ಹಳೆಯ ಶಾಲಾ ವ್ಯಾನನ್ನು ಕೊಂಡು ತಂದೆ. ಪೀಣ್ಯದಲ್ಲಿ ಬಸ್ ಬಾಡಿ ಕಟ್ಟುವ ಶೆಡ್ಡಿನ ನಾಗರಾಜ ಎಂಬಾತ ಸೀಟುಗಳನ್ನು ಕಿತ್ತು, ಮಲಗಲು ಎದುರುಬದುರು ಎರಡು ಮಂಚ ಕೂರಿಸಿ, ಹಳದಿ ಬಣ್ಣದ ಮೇಲೆ ಬಿಳಿ ಹೊಡೆದು, ಕಾಗದಪತ್ರಗಳನ್ನೂ ಸರಿಮಾಡಿಸಿ ಕೊಟ್ಟ. ಒಳಗಿನ ಸಣ್ಣಪುಟ್ಟ ಕೆಲಸವನ್ನೆಲ್ಲ ನಾನೇ ಮಾಡಿಕೊಳ್ಳುತ್ತೇನೆ ಎಂದೆ. ಶೆಲ್ಫು, ಕನ್ನಡಿ, ಟವೆಲ್ ಕಂಬಿ, ಕೊಕ್ಕೆ. ಅದರಲ್ಲಿ ಏನಿದೆ?

ಏನಿದೆ ಎಂಬುದು ಮೊದಲ ದಿನವೇ ಗೊತ್ತಾಯಿತು. ವ್ಯಾನಿನ ಗೋಡೆ ಎನ್ನುವುದು ಗೋಡೆಯೇ ಅಲ್ಲ. ಹೊರಗೆ ಪಾತ್ರೆಯಷ್ಟು ತೆಳ್ಳಗಿನ ತಗಡು, ಒಳಗೆ ರಟ್ಟಿನಂಥ ಪ್ಲೈವುಡ್ಡು, ನಡುವೆ ಗಾಳಿ ಮತ್ತು ಒಂದಿಷ್ಟು ಥರ್ಮೊಕೋಲ್. ಅಲ್ಲಲ್ಲಿ ಪಕ್ಕೆಲುಬಿನ ಹಾಗೆ ಕಬ್ಬಿಣದ ಪೈಪು. ಅದು ಎಲ್ಲಿದೆ ಎಂದು ತಟ್ಟಿ ಕೇಳಿ ತಿಳಿಯಬೇಕು. ನಾನು ಕೇಳಿಸಿಕೊಳ್ಳುವ ತಾಳ್ಮೆ ಇಲ್ಲದವನು. ಅಪಾರ್ಟ್‌ಮೆಂಟಿನ ಹಿಂದಿನ ಪಾರ್ಕಿಂಗ್‌ನಲ್ಲಿ ವ್ಯಾನ್ ನಿಲ್ಲಿಸಿಕೊಂಡು, ಕನ್ನಡಿಗೆಂದು ಡ್ರಿಲ್ ಇಟ್ಟು ಒತ್ತಿದೆ. ಹೊರಗಿನಿಂದ ಸೆಕ್ಯುರಿಟಿಯವರ ಕೂಗು ಕೇಳಿಸಿತು: “ಸಾರ್! ಸಾರ್! ಆಚೆ ಬಂದ್ಬಿಡ್ತು ಸಾರ್!” ಡ್ರಿಲ್ಲಿನ ಮೂತಿ ಅವರ ಭುಜದ ಪಕ್ಕದಲ್ಲೇ ತಗಡನ್ನು ತೂರಿಕೊಂಡು ಹೊರಬಂದಿತ್ತಂತೆ. ಆ ತೂತಿನಿಂದ ಒಳಗೆ ಬಿದ್ದ ಬಿಸಿಲಿನ ಕೋಲನ್ನು ನೋಡುತ್ತಾ ನಾನು ಬೆವೆತುಹೋದೆ. ಆ ಮೇಲೆ ಅಂತರ್ಜಾಲದಲ್ಲಿ ಹುಡುಕಿ ಟೊಳ್ಳು ಗೋಡೆಗೆಂದೇ ಮಾಡಿದ ಬೋಲ್ಟುಗಳನ್ನು ತರಿಸಿದೆ. ತೂತಿನೊಳಗೆ ಮಡಿಚಿಕೊಂಡು ಹೋಗಿ, ಹಿಂದುಗಡೆ ರೆಕ್ಕೆ ಬಿಚ್ಚಿಕೊಂಡು ಪ್ಲೈವುಡ್ಡನ್ನು ಕಚ್ಚಿ ಹಿಡಿಯುತ್ತವೆ. ಕನ್ನಡಿ ನಿಂತಿತು. ಟವೆಲ್ ಕಂಬಿ ನಿಂತಿತು. ನನ್ನ ಎದೆ ಉಬ್ಬಿತು.

ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಇಬ್ಬರು ಹಿರಿಯ ಹೆಂಗಸರಿದ್ದರು. ಒಬ್ಬರು ನನ್ನ ತಾಯಿ ಜಯಮ್ಮ, ತುಮಕೂರು ಸೀಮೆಯವರು. ಇನ್ನೊಬ್ಬರು ನನ್ನ ಹೆಂಡತಿ ಸವಿತಾಳ ತಾಯಿ ಗಿರಿಜಮ್ಮ, ಹಾವೇರಿಯಲ್ಲಿ ಹೈಸ್ಕೂಲಿಗೆ ಭೂಗೋಳ ಹೇಳಿಕೊಟ್ಟು ನಿವೃತ್ತರಾದವರು. ಮೊಣಕಾಲು ನೋವಿಗೆ ಬೆಂಗಳೂರಲ್ಲಿ ತೋರಿಸಿಕೊಳ್ಳುತ್ತೇನೆಂದು ಬಂದವರು ನಮ್ಮಲ್ಲೇ ಉಳಿದಿದ್ದರು. ಬೀಗಿತ್ತಿಯರ ನಡುವೆ ನಮ್ಮ ಮದುವೆಯ ದಿನದಿಂದಲೂ ಒಂದು ಬಿಗುಮಾನವಿತ್ತು. ಮೊದಲ ಪಂಕ್ತಿಯಲ್ಲಿ ನಮ್ಮ ಸೋದರಮಾವನಿಗೆ ಎಲೆ ಹಾಕಲಿಲ್ಲ ಎಂಬುದು ಅಮ್ಮನ ದೂರು. ಕರೆದರೂ ಅವರು ಬರಲಿಲ್ಲ ಎಂಬುದು ಅತ್ತೆಯ ವಾದ. ಸೋದರಮಾವ ತೀರಿಕೊಂಡು ಎಷ್ಟೋ ಕಾಲವಾದರೂ ಆ ಎಲೆ ಮಾತ್ರ ಇಬ್ಬರ ನಡುವೆ ಹಾಗೇ ಇತ್ತು. “ಬೀಗ್ರೇ, ಕಾಫಿ” ಎಂದು ಇವರು ಲೋಟ ಇಡುವರು. “ಇಡ್ರಿ ಬೀಗ್ರ” ಎಂದು ಅವರು ಪೇಪರಿನಿಂದ ತಲೆ ಎತ್ತದೆ ಹೇಳುವರು.

ಸವಿತಾ ವೈಟ್‌ಫೀಲ್ಡಿನಲ್ಲಿ ಕೆಲಸ ಮಾಡುತ್ತಾಳೆ. ಬೆಳಿಗ್ಗೆ ನಾಗಸಂದ್ರದಲ್ಲಿ ಮೆಟ್ರೊ ಹತ್ತಿದರೆ ಊರಿನ ಈ ಕೊನೆಯಿಂದ ಆ ಕೊನೆಗೆ ಹೋಗಿ, ಕತ್ತಲಾಗುವ ಹೊತ್ತಿಗೆ ಬರುವಳು. ನಾನು ಪೀಣ್ಯಕ್ಕೆ. ಹಗಲೆಲ್ಲ ಮನೆಯಲ್ಲಿ ಆ ಇಬ್ಬರೇ. ಅತ್ತೆಯನ್ನು ಫಿಸಿಯೋಥೆರಪಿಗೆ ಆಟೊದಲ್ಲಿ ಕರೆದುಕೊಂಡು ಹೋಗುವುದು ಅಮ್ಮನ ಪಾಲಿಗೆ ಬಂದಿತ್ತು. ಒಂದು ಶನಿವಾರ ಅಡುಗೆಮನೆಯಿಂದ ಅಮ್ಮನ ದನಿ ಕೇಳಿ ನಾನು ಕಿವಿ ಕೆರೆದುಕೊಂಡೆ. “ಗಿರಿಜಕ್ಕ, ಉಪ್ಪು ಸಾಕಾ ನೋಡಿ. ನಿಮಗೆ ಬೇರೆ ತೆಗ್ದಿಟ್ಟಿದೀನಿ.” ಬೀಗ್ರೇ ಹೋಗಿ ಗಿರಿಜಕ್ಕ ಬಂದದ್ದು ಯಾವಾಗ? ಸವಿತಾಳಿಗೆ ಹೇಳಿದರೆ, “ಚಲೋ ಆತಲ್ಲ, ಇನ್ನೇನು ಬೇಕು?” ಎಂದು ನಕ್ಕಳು. ಉಪ್ಪು ಕಡಿಮೆ ಹಾಕಿ ಅವರಿಗೆ ಬೇರೆ ಏಕೆ ತೆಗೆದಿಡುತ್ತಾರೆ ಎಂದು ನಾವಿಬ್ಬರೂ ಕೇಳಿಕೊಳ್ಳಲಿಲ್ಲ. ವಯಸ್ಸಾದವರು, ಬಿಪಿ ಇರುತ್ತದೆ.

ಮುಂದಿನ ವಾರ ಇಬ್ಬರೂ ಕೈ ಕೈ ಹಿಡಿದುಕೊಂಡು ವ್ಯಾನ್ ನೋಡಲು ಇಳಿದು ಬಂದರು. ಅತ್ತೆ ಒಳಗೆ ಹತ್ತಿದವರೇ ಮಂಚದ ಮೇಲೆ ಕೂತು, ಕಿಟಕಿಗಳನ್ನು ಮುಚ್ಚಿ ತೆಗೆದು, “ಧೂಳು ಬರೂದಿಲ್ಲಲ್ರಿ?” ಎಂದು ಕೇಳಿದರು. ಕೈತೊಳೆಯುವ ಸಿಂಕಿನ ನಲ್ಲಿಯನ್ನು ತಿರುಗಿಸಿ ನೋಡಿದರು. ಆಮೇಲೆ ಮಂಚದ ಮೇಲುಗಡೆ, ತಮ್ಮ ತಲೆಗಿಂತ ಎತ್ತರದ ಒಂದು ಜಾಗವನ್ನು ಬೆರಳಿಟ್ಟು ತೋರಿಸಿದರು.

“ಅಳಿಯಂದ್ರ, ಇಲ್ಲೊಂದು ಕೊಕ್ಕಿ ಹಾಕಿ ಕೊಡ್ರಿ. ಗಟ್ಟಿ ಇರಬೇಕ್ರಿ. ಎರಡು ಲೀಟರ್ ತಡೀಬೇಕು.”

“ಏನ್ ನೇತು ಹಾಕ್ತೀರಿ ಅತ್ತೆ? ಪೂಜೆ ಚೀಲಾನಾ?”

ಅತ್ತೆ ಅಮ್ಮನ ಮುಖ ನೋಡಿದರು. ಅಮ್ಮ ಕಿಟಕಿಯ ಕಡೆ ನೋಡಿದರು. “ನಿಂಗ್ಯಾಕೋ ಅದೆಲ್ಲ? ಹಾಕು ಅಂದ್ರೆ ಹಾಕ್ಬೇಕು.”

ಹಾಕಿದೆ. ನನ್ನ ರೆಕ್ಕೆಯ ಬೋಲ್ಟಿನ ಮೇಲೆ ನನಗೆ ಅಷ್ಟು ನಂಬಿಕೆ. ಹಿತ್ತಾಳೆಯ ಚಂದದ ಕೊಕ್ಕೆಯನ್ನೇ ಆರಿಸಿ ತಂದಿದ್ದೆ. ಅದು ಸರಿಯಾಗಿ ಹಳೆಯ ಕಿಟಕಿಯ ಮೂಲೆಯ ಕೆಳಗೆ ಬಂತು. ವ್ಯಾನ್ ಶಾಲೆಯದಾಗಿದ್ದಾಗ ಎಷ್ಟೋ ಮಳೆಗಾಲ ಅಲ್ಲಿಂದ ನೀರು ಇಳಿದು ಪ್ಲೈವುಡ್ಡು ಒಳಗೊಳಗೇ ಮೆತ್ತಗಾಗಿತ್ತು. ಮೇಲೆ ಅಂಟಿಸಿದ ಸನ್‌ಮೈಕಾ ಹೊಳೆಯುತ್ತಿದ್ದುದರಿಂದ ಅದು ಯಾರಿಗೂ ಕಾಣುವಂತಿರಲಿಲ್ಲ.

ಮಾರನೆಯ ದಿನ ಭಾನುವಾರ. ಅತ್ತೆ ಒಂದು ಬಟ್ಟೆಯ ಚೀಲದಲ್ಲಿ ನೀರಿನ ಬಾಟಲಿಗಳನ್ನು ಹಾಕಿಕೊಂಡು ಬಂದರು. ಕೊಕ್ಕೆಗೆ ನೇತುಹಾಕಿ ಅದರ ಕೆಳಗೆ ನೆಟ್ಟಗೆ ಕೂತರು. ಅಮ್ಮ ಎದುರಿನ ಮಂಚದಲ್ಲಿ ಕೂತು ಕೈಗಡಿಯಾರ ನೋಡತೊಡಗಿದರು. ಪರೀಕ್ಷೆಯ ಹಾಲಿನಲ್ಲಿ ಕೂತ ಮೇಲ್ವಿಚಾರಕರ ಹಾಗಿತ್ತು ಅವರ ಗಾಂಭೀರ್ಯ. ನಾನು ಬಾಗಿಲಲ್ಲಿ ನಿಂತು ನಗುತ್ತಿದ್ದೆ. “ಅತ್ತೆ, ನಾನೇ ನೇತಾಡಿದ್ರೂ ಬೀಳಲ್ಲ ಅದು.”

ಮಾತು ಮುಗಿಯುವಷ್ಟರಲ್ಲಿ ಗೋಡೆಯಿಂದ ಒಂದು ಸಣ್ಣ ನಿಟ್ಟುಸಿರಿನಂಥ ಸದ್ದು ಬಂತು. ಕೊಕ್ಕೆ ಮೆಲ್ಲಗೆ ತಲೆ ಬಗ್ಗಿಸಿತು. ಸನ್‌ಮೈಕಾ ಉಬ್ಬಿ, ಸೀಳಿ, ಅಂಗೈ ಅಗಲದ ಪ್ಲೈವುಡ್ಡಿನ ಚೂರಿನ ಸಮೇತ ಎಲ್ಲವೂ ಕೆಳಗೆ ಬಂತು. ಚೀಲ ಅತ್ತೆಯ ಭುಜಕ್ಕೆ ಸವರಿ ತೊಡೆಯ ಮೇಲೆ ಬಿತ್ತು. ಪೆಟ್ಟೇನೂ ಆಗಲಿಲ್ಲ. ಆದರೆ ಅವರು ಎರಡೂ ಕೈಯಿಂದ ಹೊಟ್ಟೆಯನ್ನು ಮುಚ್ಚಿಕೊಂಡು ಬಗ್ಗಿಬಿಟ್ಟರು. ಮುಖದಲ್ಲಿ ರಕ್ತವೇ ಇರಲಿಲ್ಲ.

ಅಮ್ಮ ಎದ್ದು ನನ್ನ ಮೇಲೆ ಹಾಯ್ದರು. “ಅಯ್ಯೋ ಪಾಪಿ! ಇಂಗಾ ಹಾಕೋದು? ಅದರಲ್ಲಿ ಟ್ಯೂಬ್ ಇದ್ದಿದ್ರೆ? ಹೊಟ್ಟೆಯಿಂದ ಕಿತ್ಕೊಂಡ್ ಬಂದಿದ್ರೆ ಏನೋ ಗತಿ?”

“ಟ್ಯೂಬಾ? ಯಾವ ಟ್ಯೂಬು?”

ಅಮ್ಮ ಬಾಯಿ ಮುಚ್ಚಿಕೊಂಡರು. ಆಡಿದ ಮಾತನ್ನು ಹಿಂದಕ್ಕೆ ತಳ್ಳುವ ಹಾಗೆ ಸೆರಗನ್ನು ತುಟಿಗೆ ಒತ್ತಿಕೊಂಡರು. ಅತ್ತೆ ನಿಧಾನವಾಗಿ ನೆಟ್ಟಗಾದರು. ತರಗತಿಯಲ್ಲಿ ಪಾಠ ಶುರುಮಾಡುವವರಂತೆ ಗಂಟಲು ಸರಿಮಾಡಿಕೊಂಡರು.

“ಇರ್ಲಿ ಬಿಡ್ರಿ ಜಯಕ್ಕ, ಒಂದಿಲ್ಲೊಂದು ದಿನ ಹೇಳಬೇಕಿತ್ತು. ಅಳಿಯಂದ್ರ, ನನ್ನ ಎರಡೂ ಕಿಡ್ನಿ ಹೋಗ್ಯಾವ್ರಿ. ಮೊಣಕಾಲು ನೋವು ಸುಳ್ಳು. ನಾವು ಹೋಗ್ತಿದ್ದದ್ದು ಕಿಡ್ನಿ ಡಾಕ್ಟರ್ ಹತ್ರ.”

ಹೊರಗೆ ಯಾರೋ ಬೈಕ್ ಸ್ಟಾರ್ಟ್ ಮಾಡುತ್ತಿದ್ದರು. ಅದು ಸ್ಟಾರ್ಟ್ ಆಗುತ್ತಿರಲಿಲ್ಲ. ಅದನ್ನೇ ಕೇಳುತ್ತಾ ನಿಂತಿದ್ದೆ. ಮುರಿದ ಪ್ಲೈವುಡ್ಡಿನ ಚೂರನ್ನು ಯಾವಾಗ ಕೈಗೆತ್ತಿಕೊಂಡೆನೋ ಗೊತ್ತಿಲ್ಲ.

ಅತ್ತೆ ವಿವರಿಸಿದರು. ವೈದ್ಯರು ಎರಡು ದಾರಿ ಹೇಳಿದ್ದರಂತೆ. ವಾರದಲ್ಲಿ ಹಲವು ಸಲ ಆಸ್ಪತ್ರೆಗೆ ಹೋಗಿ ಯಂತ್ರದ ಪಕ್ಕ ಮಲಗುವುದು ಒಂದು. ಹೊಟ್ಟೆಗೆ ಸಣ್ಣ ಟ್ಯೂಬೊಂದನ್ನು ಕೂರಿಸಿಕೊಂಡು ಮನೆಯಲ್ಲೇ ಮಾಡಿಕೊಳ್ಳುವ ಡಯಾಲಿಸಿಸ್ ಇನ್ನೊಂದು. ಎರಡು ಲೀಟರಿನ ಔಷಧದ ಚೀಲವನ್ನು ಎತ್ತರಕ್ಕೆ ತೂಗುಹಾಕಿದರೆ ಅದು ತಾನೇ ತಾನಾಗಿ ಹೊಟ್ಟೆಯೊಳಗೆ ಇಳಿಯುತ್ತದೆ. ಕೆಲವು ಗಂಟೆ ಅಲ್ಲೇ ಇದ್ದು ರಕ್ತದ ಕೊಳೆಯನ್ನು ಹೀರಿಕೊಳ್ಳುತ್ತದೆ. ಆಮೇಲೆ ಅದನ್ನು ಕೆಳಗಿನ ಚೀಲಕ್ಕೆ ಬಿಟ್ಟು ಹೊಸದನ್ನು ತುಂಬಿಸಿಕೊಳ್ಳಬೇಕು. ದಿನಕ್ಕೆ ಮೂರು ನಾಲ್ಕು ಸಲ. ಬೇಕಾದದ್ದು ಚೊಕ್ಕಟವಾದ ಜಾಗ, ತೊಳೆದ ಕೈ, ಒಂದು ಗಟ್ಟಿ ಕೊಕ್ಕೆ. ಆಸ್ಪತ್ರೆಯ ಸಿಸ್ಟರ್ ಒಂದು ಗೊಂಬೆಯ ಹೊಟ್ಟೆಗೆ ಟ್ಯೂಬ್ ಜೋಡಿಸಿ ತೋರಿಸಿಕೊಟ್ಟಿದ್ದರಂತೆ. ಕಲಿತವರು ನಮ್ಮಮ್ಮ.

“ನಮ್ಮಮ್ಮನಾ?” ಎಂದೆ. ಹೊಸ ಮಿಕ್ಸಿಯ ಮುಚ್ಚಳ ತಿರುಗಿಸಲು ನನ್ನನ್ನು ಕೂಗುವ ಅಮ್ಮ.

“ಹೂಂ ಕಣೋ, ನಾನೇ. ಅದಕ್ಯಾಕ್ ಅಂಗ್ ನೋಡ್ತೀಯ?”

ಮಗಳಿಗೆ ಏಕೆ ಹೇಳಲಿಲ್ಲ ಎಂದರೆ ಅತ್ತೆಯ ಬಳಿ ಉತ್ತರ ಸಿದ್ಧವಾಗಿತ್ತು. “ಹೇಳಿದ್ರ ಆಕಿ ಏನಂತಾಳ ನಿಮಗ ಗೊತ್ತೈತಿ. ತನ್ನ ಕಿಡ್ನಿ ತಗೋ ಅಂತಾಳ. ನಂಗದು ಬ್ಯಾಡ್ರಿ. ಟ್ಯೂಬ್ ಹಾಕಿಸ್ಕೊಂಡ ಮ್ಯಾಲ ಹೇಳೂಣು ಅಂತ ನಾವಿಬ್ರೂ ಮಾತಾಡ್ಕೊಂಡಿದ್ವಿ. ಹಂಗ ನಿಮ್ಮ ವ್ಯಾನೂ ತಯಾರಾಗಿರ್ತೈತಿ. ಇಷ್ಟು ವರ್ಷ ಕೋಲು ಹಿಡದು ನಕಾಶಿ ಮ್ಯಾಲ ಕೃಷ್ಣಾ ನದಿ ತೋರಿಸೇನ್ರಿ. ಅದು ಸಮುದ್ರಕ್ಕ ಕೂಡೂ ಜಾಗ ಒಂದ್ಸಲಾನೂ ನೋಡಿಲ್ಲ.”

ಹೀಗೆ, ನನ್ನ ಮತ್ತು ಸವಿತಾಳ ಪ್ರವಾಸಕ್ಕೆಂದು ತಂದ ವ್ಯಾನನ್ನು ಈ ಇಬ್ಬರು ನನ್ನ ಕಣ್ಣೆದುರೇ ತಮ್ಮದಾಗಿಸಿಕೊಂಡು ಯೋಜನೆ ಹಾಕಿದ್ದರು. ಅವರ ಪಕ್ಕದಲ್ಲಿ ನಾನು ಬರೀ ಡ್ರಿಲ್ ಹಿಡಿದವನು.

ಆ ಮಧ್ಯಾಹ್ನವೇ ಸವಿತಾಳಿಗೆ ತಿಳಿಸಲಾಯಿತು. ಅವಳು ಅಳುತ್ತಾಳೆ ಎಂದುಕೊಂಡಿದ್ದೆ, ಅಳಲಿಲ್ಲ. ಊಟದ ಮೇಜಿನ ಅಂಚನ್ನು ಹಿಡಿದುಕೊಂಡು ತನ್ನ ತಾಯಿಯನ್ನೂ ನನ್ನ ತಾಯಿಯನ್ನೂ ಒಬ್ಬರಾದ ಮೇಲೆ ಒಬ್ಬರಂತೆ ನೋಡಿದಳು. ಬೆಂಗಳೂರಿಗೆ ಬಂದ ಮೇಲೆ ಮೂಲೆಗೆ ಸರಿಸಿದ್ದ ಹಾವೇರಿಯ ಮಾತು ಒಮ್ಮೆಗೇ ನುಗ್ಗಿ ಬಂತು.

“ಅವ್ವಾ, ನೀ ಅವರಿಗೆ ಹೇಳಿದಿ, ನಂಗ ಹೇಳಲಿಲ್ಲ? ಒಂದ ಮನ್ಯಾಗ ಇದ್ದು? ದಿನಾ ಸಂಜೀ ಬಂದು ನಿನ್ನ ಮೊಣಕಾಲಿಗೆ ಎಣ್ಣಿ ತಿಕ್ಕಿದೆನಲ್ಲ ನಾನು, ಆವಾಗರ ಬಾಯಿ ಬಿಡಬಾರದಿತ್ತ?”

ಅತ್ತೆ ತಲೆ ತಗ್ಗಿಸಿದರು. ನೋವೇ ಇಲ್ಲದ ಮೊಣಕಾಲನ್ನು ಅವರು ದಿನವೂ ಮಗಳ ಕೈಗೆ ಕೊಟ್ಟು ಕೂತಿದ್ದರು.

ಆಮೇಲೆ ಕಿಡ್ನಿಯ ಜಗಳ. ಕೊಡುತ್ತೇನೆ ಎಂದು ಮಗಳು, ಒಲ್ಲೆ ಎಂದು ತಾಯಿ. “ನಿನ್ನ ಹೊಟ್ಟಿ ಕೊಯ್ಸಿ ನಾ ಬದುಕೂದು ಆಗೂದಿಲ್ಲ. ಹಟ ಮಾಡಿದ್ರ ನಾಳಿ ಗಾಡಿಗೆ ಹಾವೇರಿಗೆ ಹೋಗ್ತೀನಿ.” ಜಗಳ ದಿನಗಟ್ಟಲೆ ನಡೆಯಿತು. ಬಾಗಿಲುಗಳು ದಢಾರನೆ ಮುಚ್ಚಿದವು, ಸಾರು ಉಕ್ಕಿ ಸ್ಟೌ ಆರಿತು. ಕೊನೆಗೆ ಅದನ್ನು ನಿಲ್ಲಿಸಿದವರು ಅಮ್ಮ. ಸವಿತಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು, “ಕೊಡೋದು ನಿನ್ನ ಇಷ್ಟ ಆದ್ರೆ ಬೇಡ ಅನ್ನೋದು ಅವರ ಇಷ್ಟ ಕಣಮ್ಮ. ಬಾ, ಚೀಲ ಹಾಕೋದು ಏಳ್ಕೊಡ್ತೀನಿ” ಎಂದರು. ಆಗ ಸವಿತಾ ಅತ್ತಳು. ಅತ್ತದ್ದು ನಮ್ಮಮ್ಮನ ಮಡಿಲಲ್ಲಿ.

ನಾನು ವ್ಯಾನನ್ನು ನಾಗರಾಜನ ಶೆಡ್ಡಿಗೆ ಒಯ್ದೆ. ಮುರಿದ ಜಾಗ ನೋಡಿ ಅವನು, “ಸಾರ್, ಇದಕ್ಕೆ ಕ್ಯಾಲೆಂಡರ್ ಹಾಕ್ಬಹುದು ಅಷ್ಟೇ” ಎಂದ. ಗೋಡೆಯ ಆ ಭಾಗದ ಹಲಗೆಯನ್ನೇ ಪೂರ್ತಿ ಬಿಚ್ಚಿದೆವು. ಬಿಚ್ಚಿದೊಡನೆ ಟೊಳ್ಳಿನಿಂದ ಬಳಬಳನೆ ಏನೇನೋ ಸುರಿಯಿತು. ಮೋಟು ಪೆನ್ಸಿಲ್ಲುಗಳು, ಅರ್ಧ ತಿಂದ ರಬ್ಬರು, ಹೇರ್ ಕ್ಲಿಪ್ಪು, ಹುಣಸೆಬೀಜ, ಒಂದು ಮುರಿದ ಅಳತೆಪಟ್ಟಿ. ಶಾಲೆಯ ಕಾಲದಲ್ಲಿ ಮಕ್ಕಳು ಕಿಟಕಿಯ ಸಂದಿಯಿಂದ ಒಂದೊಂದಾಗಿ ಒಳಗೆ ತೂರಿಸಿದ್ದವು. ಮನೆಗೆ ತಂದು ತೋರಿಸಿದರೆ ಅತ್ತೆ ಒಂದು ಪೆನ್ಸಿಲನ್ನು ಎತ್ತಿ, ಕಚ್ಚಿದ ಗುರುತು ನೋಡಿ ನಕ್ಕರು. ಕಾಯಿಲೆಯ ಸುದ್ದಿ ಒಡೆದ ಮೇಲೆ ನಮ್ಮ ಮನೆಯಲ್ಲಿ ಕೇಳಿದ ಮೊದಲ ನಗು ಅದು.

ಎರಡು ಪಕ್ಕೆಲುಬಿನ ಪೈಪುಗಳಿಗೆ ಅಡ್ಡಲಾಗಿ ದಪ್ಪ ಕಬ್ಬಿಣದ ಪಟ್ಟಿ ಇಟ್ಟು ವೆಲ್ಡ್ ಮಾಡಿಸಿದೆವು. ಅದರ ಮೇಲೆ ಹೊಸ ಪ್ಲೈವುಡ್ಡು, ಪ್ಲೈವುಡ್ಡಿನ ಮೂಲಕ ಪಟ್ಟಿಯವರೆಗೆ ಬೋಲ್ಟು, ಬೋಲ್ಟಿಗೆ ಕೊಕ್ಕೆ. ಈ ಸಲ ಹಿತ್ತಾಳೆಯ ಅಂದ ಬೇಡವೆಂದೆ. ಕೆಲಸ ಮುಗಿದ ಮೇಲೆ ಆ ಕೊಕ್ಕೆಗೆ ಹಗ್ಗ ಕಟ್ಟಿ ಎರಡೂ ಕೈಯಿಂದ ಜೋತುಬಿದ್ದು ಕಾಲು ಮಡಿಸಿದೆ. ನಾಗರಾಜ ಬೆರಗಾಗಿ, “ಏನ್ ಸಾರ್, ಆನೆ ಕಟ್ತೀರಾ?” ಎಂದ. ನಾನು ನೇತಾಡುತ್ತಲೇ ಇದ್ದೆ. ಅದು ಅಲುಗದು ಎಂದು ಖಾತ್ರಿಯಾದ ಮೇಲೆಯೇ ಇಳಿದೆ.

ಅತ್ತೆಗೆ ಟ್ಯೂಬ್ ಹಾಕಿದರು, ಗಾಯ ಮಾಯಿತು. ಮನೆಯ ಕೋಣೆಯ ಗಟ್ಟಿ ಗೋಡೆಗೂ ಒಂದು ಕೊಕ್ಕೆ ಬಂತು. ಪ್ರವಾಸಕ್ಕೆ ಮುಂಚೆ ಅಭ್ಯಾಸವಾಗಲಿ ಎಂದು ಒಂದಿಡೀ ಭಾನುವಾರ ಇಬ್ಬರೂ ಪಾರ್ಕಿಂಗ್‌ನಲ್ಲೇ ವ್ಯಾನಿನೊಳಗೆ ಸಂಸಾರ ಹೂಡಿದರು. ಅಸೋಸಿಯೇಷನ್ನಿನ ಕಾರ್ಯದರ್ಶಿ ಬಂದು, “ಪಾರ್ಕಿಂಗ್ ಸ್ಲಾಟಲ್ಲಿ ವಾಸ ಮಾಡೋ ಹಾಗಿಲ್ಲ ಕಣ್ರೀ, ಬೈಲಾ ಇದೆ” ಎಂದು ಬಾಗಿಲು ತಟ್ಟಿದರು. ಅಮ್ಮ ಮೂಗಿನ ಮೇಲೆ ಮಾಸ್ಕ್ ಹಾಕಿಕೊಂಡೇ ಕಿಟಕಿಯ ಗಾಜಿನಾಚೆಯಿಂದ ಒದ್ದೆ ಕೈ ಎತ್ತಿ, ಆಪರೇಷನ್ ಥಿಯೇಟರಿನ ಡಾಕ್ಟರರ ಹಾಗೆ, “ಈಗ ಮಾತಾಡ್ಸೋ ಹಾಗಿಲ್ಲ!” ಎಂದರು. ಕಾರ್ಯದರ್ಶಿ ಮೂರು ಹೆಜ್ಜೆ ಹಿಂದೆ ಸರಿದರು.

ಹೋದೆವು. ನಾನು ಡ್ರೈವರು, ಸವಿತಾ ನನ್ನ ಪಕ್ಕದಲ್ಲಿ, ಅವರಿಬ್ಬರು ಹಿಂದೆ, ಮಂಚದ ಕೆಳಗೆಲ್ಲ ಔಷಧದ ಚೀಲಗಳ ಪೆಟ್ಟಿಗೆಗಳು. ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಹಿಡಿದು, ಅದು ಹೋದ ದಿಕ್ಕಿಗೇ ಹೋದೆವು. ಹೊತ್ತು ಹೊತ್ತಿಗೆ ಪೆಟ್ರೋಲ್ ಬಂಕಿನ ಪಕ್ಕ, ಮಠದ ಅಂಗಳದಲ್ಲಿ, ಹತ್ತಿಯ ಹೊಲದ ಅಂಚಿನಲ್ಲಿ ವ್ಯಾನ್ ನಿಲ್ಲುತ್ತಿತ್ತು. ಕಿಟಕಿ ಮುಚ್ಚುತ್ತಿತ್ತು. ನಾನೂ ಸವಿತಾಳೂ ಹೊರಗೆ ಚಪ್ಪಲಿ ಕಳಚಿಕೊಂಡು ಕೂರುತ್ತಿದ್ದೆವು. ತೆಳ್ಳನೆಯ ಗೋಡೆಯ ಆಚೆ ಅಮ್ಮ ಮತ್ತು ಅತ್ತೆ ಏನೋ ಹೇಳಿಕೊಂಡು ನಗುವುದು ಕೇಳುತ್ತಿತ್ತು. ಏನೆಂದು ಸ್ಪಷ್ಟವಾಗುತ್ತಿರಲಿಲ್ಲ.

ಆಂಧ್ರದ ಕರಾವಳಿಯಲ್ಲಿ ಕೃಷ್ಣೆ ಸಮುದ್ರ ಸೇರುವ ಕಡೆ ಇಳಿದಾಗ ಬಿಸಿಲು ಇಳಿಮುಖವಾಗಿತ್ತು. ಅತ್ತೆ ಮರಳಿನ ಮೇಲೆ ತುಂಬ ಹೊತ್ತು ನಿಂತರು. ಎಲ್ಲಿ ನೋಡಿದರೂ ಒಂದೇ ಬೂದು ನೀರು. ಯಾವುದು ನದಿ, ಯಾವುದು ಸಮುದ್ರ, ಗೆರೆ ಎಲ್ಲಿದೆ, ಒಂದೂ ತಿಳಿಯುವಂತಿರಲಿಲ್ಲ. ಅವರ ಮುಖದಲ್ಲಿ ಸಂತೋಷಕ್ಕಿಂತ ಹೆಚ್ಚಾಗಿ ದಿಗಿಲು ಕಂಡಿತು.

“ಜಯಕ್ಕ, ಇಷ್ಟು ವರ್ಷ ಹುಡುಗ್ರಿಗೆ ನಾ ತಪ್ಪು ಹೇಳೇನ್ರಿ. ‘ಇಲ್ಲಿ ಮುಗೀತದ’ ಅಂತ ಕೋಲಿಟ್ಟು ತೋರಿಸ್ತಿದ್ದೆ. ಎಲ್ಲೈತ್ರಿ ಇಲ್ಲಿ ಮುಗಿಯೂ ಜಾಗ?”

“ಇರ್ಲಿ ಬಿಡಿ, ಮಾರ್ಕ್ಸ್ ಅಂತೂ ಕೊಟ್ಟಿದೀರಲ್ಲ” ಎಂದರು ಅಮ್ಮ. ಇಬ್ಬರೂ ಬಿದ್ದು ಬಿದ್ದು ನಕ್ಕರು.

ನನಗೆ ಗೊತ್ತು, ಇಲ್ಲಿಯವರೆಗೆ ಓದಿದ ನೀವು ಮುಂದಿನದನ್ನು ಊಹಿಸಿಕೊಂಡಿರುತ್ತೀರಿ. ನಾವೂ ಊಹಿಸಿಕೊಂಡಿದ್ದೆವು. ಮನೆಯಲ್ಲಿ ಕಾಯಿಲೆಯವರು ಒಬ್ಬರಿದ್ದಾಗ ಮನಸ್ಸು ಒಂದೇ ಬಾಗಿಲನ್ನು ಕಾಯುತ್ತಿರುತ್ತದೆ. ಸಾವು ಬಂದರೆ ಅಲ್ಲಿಂದಲೇ ಬರಬೇಕು ಎಂದು ತಿಳಿದಿರುತ್ತದೆ.

ಪ್ರವಾಸ ಮುಗಿದ ಮುಂದಿನ ಚಳಿಗಾಲದಲ್ಲಿ, ಅವರೆಕಾಯಿಯ ಕಾಲ. ಒಂದು ಬೆಳಿಗ್ಗೆ ಅಮ್ಮ ಕೋಣೆಯಲ್ಲಿ ಅತ್ತೆಗೆ ಚೀಲ ತೂಗುಹಾಕಿ, ಟ್ಯೂಬ್ ಜೋಡಿಸಿ, ನಡುಮನೆಗೆ ಬಂದು ನೆಲದ ಮೇಲೆ ಕೂತು ಅವರೆಕಾಳು ಹಿಸುಕುತ್ತಿದ್ದರು. ಕೋಣೆಯಿಂದ ಅತ್ತೆ ಏನೋ ಕೇಳಿದರು. ಉತ್ತರ ಬರಲಿಲ್ಲ. ಮತ್ತೆ ಕೂಗಿದರು. ಆಮೇಲೆ ಪಾತ್ರೆ ಮಗುಚಿದ ಸದ್ದು ಕೇಳಿಸಿತು. ಸವಿತಾ ವೈಟ್‌ಫೀಲ್ಡಿನಲ್ಲಿದ್ದಳು, ನಾನು ಪೀಣ್ಯದಲ್ಲಿದ್ದೆ. ಅತ್ತೆಯ ಹೊಟ್ಟೆಗೂ ಗೋಡೆಯ ಕೊಕ್ಕೆಗೂ ನಡುವೆ ಟ್ಯೂಬಿನ ನಂಟು. ಅದನ್ನು ಬಿಡಿಸಿಕೊಳ್ಳಲು ಒಂದು ಕ್ರಮವಿದೆ. ಬಿರಟೆ ತಿರುಗಿಸಬೇಕು, ಕೈ ಶುದ್ಧ ಮಾಡಿಕೊಳ್ಳಬೇಕು, ಹೊಸ ಮುಚ್ಚಳ ಒಡೆದು ಟ್ಯೂಬಿನ ಬಾಯಿಗೆ ಹಾಕಬೇಕು. ಇಲ್ಲವಾದರೆ ಹೊಟ್ಟೆಯೊಳಗೆ ಸೋಂಕು. ಅತ್ತೆ ಅದ್ಯಾವುದನ್ನೂ ಮಾಡಲಿಲ್ಲ. ಕಿತ್ತುಕೊಂಡು ಓಡಿಬಂದರು.

ನಾನು ಮನೆ ತಲುಪಿದಾಗ ಬಾಗಿಲು ತೆರೆದಿತ್ತು. ಒಳಗೆ ಪಕ್ಕದ ಮನೆಯವರು, ಸೆಕ್ಯುರಿಟಿಯವರು. ನೆಲದ ತುಂಬ ಅವರೆಕಾಳು ಚೆಲ್ಲಿತ್ತು. ಅತ್ತೆ ಅಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅವರ ಸೀರೆಯ ಅಂಚಿನಿಂದ ಇಣುಕಿದ ಟ್ಯೂಬಿನ ತುದಿ ಬರಿಯ ನೆಲದ ಮೇಲೆ ಬಿದ್ದಿತ್ತು. ಅಮ್ಮ ಹೋಗಿಬಿಟ್ಟಿದ್ದರು. ಬಿಪಿ ಇರಲಿಲ್ಲ, ಸಕ್ಕರೆ ಇರಲಿಲ್ಲ. ಒಂದು ದಿನವೂ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದವರಲ್ಲ. ನಾನು ಅತ್ತೆಯನ್ನು ನೋಡಿದೆ, ಅಮ್ಮನನ್ನು ನೋಡಿದೆ. ಯಾರೋ ಹೆಸರು ಅದಲುಬದಲು ಮಾಡಿದ್ದಾರೆ ಎನ್ನಿಸಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಅನ್ನಿಸಿದ್ದು ಅದೇ.

ಮೂರು ದಿನಕ್ಕೆ ಅತ್ತೆಗೆ ಜ್ವರ ಏರಿತು. ಹೊಟ್ಟೆಯ ನೀರು ಕದಡಿದ ಗಂಜಿಯ ಹಾಗೆ ಬಂತು. ಅಮ್ಮನ ಕ್ರಿಯಾಕರ್ಮಗಳನ್ನು ನಾನು ಮಾಡುತ್ತಿದ್ದಾಗ ಸವಿತಾ ಆಸ್ಪತ್ರೆಯಲ್ಲಿದ್ದಳು. ಅತ್ತೆ ಬದುಕಿದ್ದೇ ಹೆಚ್ಚು ಎಂದರು ವೈದ್ಯರು. ಚೇತರಿಸಿಕೊಂಡ ಮೇಲೆ, “ಒಂದು ನಿಮಿಷ ನಿಂತು ಮುಚ್ಚಳ ಹಾಕಬಾರದಿತ್ತಾ ಅತ್ತೆ?” ಎಂದು ಕೇಳಿಬಿಟ್ಟೆ.

“ಜಯಕ್ಕ ನೆಲಕ್ಕ ಬಿದ್ದಾರ. ಮುಚ್ಚಳ ಹುಡುಕೂ ಹೊತ್ತೇನ್ರಿ ಅದು?” ಎಂದರು. ಅಷ್ಟೇ.

ಅಂದಿನಿಂದ ತಮ್ಮ ಚೀಲವನ್ನು ತಾವೇ ಹಾಕಿಕೊಳ್ಳುತ್ತಾರೆ. ರಜೆಯ ದಿನ ಸವಿತಾ ಹಾಕುತ್ತಾಳೆ. ನಾನು ಮಾತ್ರ ಆ ಹೊತ್ತಿಗೆ ಏನಾದರೂ ನೆಪ ಮಾಡಿ ಹೊರಗಿರುತ್ತೇನೆ. ಹಾಲು ತರುವುದು, ವ್ಯಾನ್ ಒರೆಸುವುದು. ಅಮ್ಮ ಮಾಡುತ್ತಿದ್ದ ಕೆಲಸವನ್ನು ಇನ್ನೊಂದು ಕೈ ಮಾಡುವುದನ್ನು ನೋಡಲು ನನ್ನಿಂದ ಆಗುವುದಿಲ್ಲ.

ಕಳೆದ ಭಾನುವಾರ ಆ ಯುವಕನ ಮುಖಕ್ಕೆ ಬಾಗಿಲು ಹಾಕಿಕೊಂಡು ಒಳಗೆ ಬಂದೆನಲ್ಲ, ಸವಿತಾ ಊರಲ್ಲಿರಲಿಲ್ಲ. ಮಧ್ಯಾಹ್ನ ಕೋಣೆಯಿಂದ ಅತ್ತೆ ಕರೆದರು. ನೆಗಡಿ ಜ್ವರಕ್ಕೆ ಅವರ ಕೈ ನಡುಗುತ್ತಿತ್ತು. ಚೀಲ ಎತ್ತಲು ಆಗುತ್ತಿರಲಿಲ್ಲ. “ಇವತ್ತೊಂದ್ಸಲ ನೀವ ಹಾಕಬೇಕಾಗೇತ್ರಿ” ಎಂದರು.

ಹಾಲು ತರುವ ನೆಪ ನಾಲಗೆಯ ತುದಿಗೆ ಬಂತು. “ಅತ್ತೆ, ನನ್ನ ಕೈಲಿ ಆಗಲ್ಲ. ಅಮ್ಮನ ಹಾಗೆ ಧೈರ್ಯ ಇಲ್ಲ ನನಗೆ.”

“ಧೈರ್ಯ?” ಎಂದು ಅತ್ತೆ ದಿಂಬಿಗೆ ಒರಗಿದರು. “ನಿಮ್ಮವ್ವ ಹೇಳಿಲ್ಲೇನು ನಿಮಗ? ಆಸ್ಪತ್ರ್ಯಾಗ ಮೊದಲ್ನೇ ದಿನ ಆ ಗೊಂಬಿ ಹೊಟ್ಟ್ಯಾಗಿನ ಟ್ಯೂಬ್ ನೋಡಿದ್ದ ತಡ, ಮೈಯೆಲ್ಲ ಬೆವರು. ಹೊರಗ ಓಡಿ ಹೋಗಿ ವಾಂತಿ ಮಾಡಿಕೊಂಡ್ರು. ಬಾಕಿನ ಮ್ಯಾಲ ಕುಂತು ನನ್ನ ಕೈ ಹಿಡದು ಅತ್ತರು. ‘ಗಿರಿಜಕ್ಕ, ನನ್ನ ಕೈಲಿ ಆಗಲ್ಲ, ನಮ್ಮೆಜಮಾನ್ರಿಗೆ ಸೂಜಿ ಚುಚ್ಚುವಾಗ್ಲೂ ನಾನು ಆಚೆ ನಿಲ್ತಿದ್ದೆ’ ಅಂದ್ರು. ನಾ ಆತು ಬಿಡ್ರಿ ಅಂದೆ. ಮರುದಿನ ಮುಂಜಾನೆ ನೋಡ್ತೀನಿ, ನನಗಿಂತ ಮೊದಲ ಚಪ್ಪಲಿ ಹಾಕ್ಕೊಂಡು ಬಾಗಿಲದಾಗ ನಿಂತಾರ. ಹತ್ತೂ ಬೆರಳಿನ ಉಗುರು ಬುಡದ ತನಕ ಕತ್ತರಿಸಿಕೊಂಡಾರ. ಕೈ ಮುಂದ ಚಾಚಿ, ‘ನೋಡಿ, ಸಾಕಾ? ನಡೀರಿ’ ಅಂದ್ರು.”

ನಾನು ಗೋಡೆಗೆ ಒರಗಿ ನಿಂತೆ. ಆ ಹೆಂಗಸಿನ ಹೊಟ್ಟೆಯಲ್ಲಿ ಹುಟ್ಟಿ, ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು, ಅವಳಿಗೆ ಭಯವಾಗುತ್ತಿತ್ತು ಎಂಬುದೇ ನನಗೆ ಗೊತ್ತಿರಲಿಲ್ಲ.

ಅತ್ತೆ ನನ್ನನ್ನೇ ನೋಡುತ್ತಿದ್ದರು. ಮದುವೆಯಾದ ದಿನದಿಂದ ನನ್ನನ್ನು ಬಹುವಚನದಲ್ಲೇ ಮಾತಾಡಿಸಿದವರು. ಅಳಿಯನನ್ನು ಏಕವಚನದಲ್ಲಿ ಕರೆಯುವ ರೂಢಿ ಅವರ ಕಡೆ ಇಲ್ಲ.

“ಎಲ್ಲಿ, ಕೈ ತೋರ್ಸು. ಉಗುರು ನೋಡೂಣು” ಎಂದರು.

ನಾನು ಹತ್ತಿರ ಹೋಗಿ ಎರಡೂ ಕೈ ಚಾಚಿದೆ.